ಬ್ಯಾಡಗಿಯ ಕೆಂಪು, ತಂಬೂರಿಯ ಗಂಧಾರ: ಸಂವೇದನೆಯು ಗ್ರಹಿಕೆಯಾಗುವ ಬಗೆ

ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ಸುಗ್ಗಿಯ ದಿನಗಳಲ್ಲಿ ಮೊದಲ ಸಲ ಹೋದವರು ಪ್ರಾಂಗಣದೊಳಗೆ ಕಾಲಿಡುವ ಮೊದಲೇ ಕೆಮ್ಮತೊಡಗುತ್ತಾರೆ. ಅದೇ ಗಾಳಿಯಲ್ಲಿ ದಿನವಿಡೀ ಚೀಲ ಹೊರುವ ಹಮಾಲರು ಮಾತಾಡಿಕೊಂಡು ಕೆಲಸ ಮಾಡುತ್ತಿರುತ್ತಾರೆ. ಕಣ್ಣು ಹಾಯಿಸಿದಷ್ಟು ದೂರ ಹರಡಿದ ಕೆಂಪು ರಾಶಿಗಳನ್ನು ಕಂಡು, ಇಷ್ಟು ಕೆಂಪಾದ ಕಾಯಿ ಅದೆಷ್ಟು ಖಾರವಿರಬಹುದೋ ಎಂದು ಹೊಸಬರು ಅಂಜುವುದು ಸಹಜ. ಆದರೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಈ ಕಾಯಿ ಹೆಸರಾಗಿರುವುದು ಬಣ್ಣಕ್ಕೇ ಹೊರತು ಖಾರಕ್ಕಲ್ಲ. ಅದರ ಕೆಂಪಿಗೆ ಕಾರಣ ಕ್ಯಾಪ್ಸಾಂಥಿನ್ ಮೊದಲಾದ ವರ್ಣದ್ರವ್ಯಗಳು. ಖಾರಕ್ಕೆ ಕಾರಣ ಕ್ಯಾಪ್ಸೈಸಿನ್ ಎಂಬ ಬೇರೆಯದೇ ಆದ ರಾಸಾಯನಿಕ. ಒಂದು ಹೆಚ್ಚಿದ್ದರೆ ಇನ್ನೊಂದೂ ಹೆಚ್ಚಿರಬೇಕೆಂಬ ನಿಯಮವಿಲ್ಲ. ಹೀಗಿದ್ದರೂ ಕಣ್ಣಿಗೆ ಕೆಂಪು ಬಿದ್ದೊಡನೆ ನಾಲಿಗೆ ಖಾರಕ್ಕೆ ಸಿದ್ಧವಾಗಿಬಿಡುತ್ತದೆ.

ಈ ಒಂದು ಸಂಗತಿಯಲ್ಲಿ ಮನೋವಿಜ್ಞಾನವು ಬೇರೆಬೇರೆಯಾಗಿ ನೋಡುವ ಎರಡು ಕೆಲಸಗಳು ಒಟ್ಟಿಗೆ ನಡೆದಿವೆ. ಬೆಳಕು, ಸದ್ದು, ವಾಸನೆ, ಒತ್ತಡ, ಶಾಖ ಇವು ನಮ್ಮ ಇಂದ್ರಿಯಗಳಲ್ಲಿರುವ ಗ್ರಾಹಕ ಕೋಶಗಳನ್ನು ಮುಟ್ಟಿ, ಅಲ್ಲಿಂದ ನರಗಳ ವಿದ್ಯುತ್ ಸಂಕೇತಗಳಾಗಿ ಹೊರಡುವುದು ಸಂವೇದನೆ. ಹಾಗೆ ಬಂದ ಸಂಕೇತಗಳನ್ನು ಮಿದುಳು ಒಟ್ಟುಗೂಡಿಸಿ, ಹಿಂದಿನ ಅನುಭವದೊಂದಿಗೆ ತಾಳೆ ನೋಡಿ, ‘ಇದು ಮೆಣಸಿನಕಾಯಿ’, ‘ಇದು ಅವ್ವನ ದನಿ’ ಎಂದು ತಿಳಿಯುವುದು ಗ್ರಹಿಕೆ. ನಮ್ಮ ದೇಶದ ನ್ಯಾಯ ದರ್ಶನಕಾರರು ಪ್ರತ್ಯಕ್ಷವನ್ನು ನಿರ್ವಿಕಲ್ಪಕ ಮತ್ತು ಸವಿಕಲ್ಪಕ ಎಂದು ವಿಂಗಡಿಸಿದಾಗ ಅವರ ಗಮನವೂ ಇಂಥದೇ ಒಂದು ಭೇದದ ಮೇಲಿತ್ತು: ಏನೋ ಒಂದಿದೆ ಎಂಬ ಬರಿಯ ಅರಿವು ಬೇರೆ, ಅದು ಇಂಥದು ಎಂದು ಗುರುತಿಸುವ ಅರಿವು ಬೇರೆ. ಈ ಎರಡನ್ನು ಬಿಡಿಸಿ ನೋಡದ ಹೊರತು ನಮ್ಮ ಅನುಭವದ ಹಲವು ಸಂಗತಿಗಳು ಅರ್ಥವಾಗುವುದಿಲ್ಲ. ಗ್ರಹಿಕೆ ಎಂಬುದು ಹೊರಜಗತ್ತಿನ ನಕಲು ಅಲ್ಲ. ಅರೆಬರೆಯಾಗಿ ಬಂದ ಸುಳಿವುಗಳ ಆಧಾರದ ಮೇಲೆ ಮಿದುಳು ಕ್ಷಣಕ್ಷಣವೂ ಕಟ್ಟುವ ಊಹೆ. ಅದು ಬಹುಪಾಲು ಸರಿಯಾಗಿರುವುದರಿಂದಲೇ ಅದು ಊಹೆಯೆಂಬುದು ನಮಗೆ ತಿಳಿಯುವುದಿಲ್ಲ.

ಮೊದಲು ಸಂವೇದನೆಯನ್ನೇ ನೋಡೋಣ. ಖಾರವನ್ನು ನಾವು ರುಚಿಯ ಪಟ್ಟಿಗೆ ಸೇರಿಸುತ್ತೇವೆ, ಆದರೆ ಶರೀರಶಾಸ್ತ್ರದ ಲೆಕ್ಕದಲ್ಲಿ ಅದು ರುಚಿಯಲ್ಲ. ಸಿಹಿ, ಹುಳಿ, ಉಪ್ಪು, ಕಹಿ, ಮತ್ತು ಜಪಾನಿನ ಕಿಕುನಾಯೆ ಇಕೆಡಾ 1908ರಲ್ಲಿ ಗುರುತಿಸಿದ ಉಮಾಮಿ, ಇವುಗಳಿಗೆ ನಾಲಿಗೆಯ ರುಚಿಮೊಗ್ಗುಗಳಲ್ಲಿ ಗ್ರಾಹಕಗಳಿವೆ. ಖಾರಕ್ಕೆ ಅಲ್ಲಿ ಜಾಗವಿಲ್ಲ. ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು 1997ರಲ್ಲಿ ಕಂಡುಹಿಡಿದಂತೆ, ಕ್ಯಾಪ್ಸೈಸಿನ್ ಹೋಗಿ ಅಂಟಿಕೊಳ್ಳುವುದು ನೋವಿನ ನರಗಳ ತುದಿಯಲ್ಲಿರುವ ಟಿಆರ್‌ಪಿವಿ-1 ಎಂಬ ಗ್ರಾಹಕಕ್ಕೆ. ಇದೇ ಗ್ರಾಹಕ ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖಕ್ಕೂ ತೆರೆದುಕೊಳ್ಳುತ್ತದೆ. ಮೆಣಸಿನಕಾಯಿ ಕಚ್ಚಿದಾಗ ಬಾಯಿ ಉರಿಯುತ್ತದೆ ಎಂದು ನಾವು ಹೇಳುವುದು ಆದ್ದರಿಂದ ಅಲಂಕಾರದ ಮಾತಲ್ಲ. ಬಾಯಿಯೊಳಗೆ ಬೆಂಕಿ ಇಲ್ಲದಿದ್ದರೂ ಬೆಂಕಿಯ ಸುದ್ದಿಯನ್ನು ಒಯ್ಯುವ ನರವೇ ಅಲ್ಲಿ ಮಿಡಿದಿದೆ, ಮಿದುಳಿಗೆ ತಲುಪಿದ್ದು ಸುಡುತ್ತಿದೆ ಎಂಬ ಸುದ್ದಿಯೇ. ಈ ಸಂಶೋಧನೆಗಾಗಿ ಜೂಲಿಯಸ್ ಅವರಿಗೆ, ಸ್ಪರ್ಶದ ಗ್ರಾಹಕಗಳನ್ನು ಪತ್ತೆಹಚ್ಚಿದ ಆರ್ಡೆಮ್ ಪಟಪೂಟಿಯನ್ ಅವರೊಂದಿಗೆ, 2021ರ ನೊಬೆಲ್ ಪ್ರಶಸ್ತಿ ಬಂತು. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದು, ಜಿಡ್ಡಿನಲ್ಲಿ ಕರಗುತ್ತದೆ. ಖಾರ ಹತ್ತಿದಾಗ ನೀರಿಗಿಂತ ಹಾಲು, ಮೊಸರು ಬೇಗ ಆರಾಮ ಕೊಡುವುದಕ್ಕೆ ಇದೂ ಒಂದು ಕಾರಣ. ಗಿಳಿಗಳು ಅದೇ ಕಾಯಿಯನ್ನು ಲೀಲಾಜಾಲವಾಗಿ ತಿನ್ನುವುದನ್ನು ಎಲ್ಲರೂ ನೋಡಿದ್ದಾರೆ. ಪಕ್ಷಿಗಳಲ್ಲಿಯೂ ಈ ಗ್ರಾಹಕವಿದೆ, ಅದು ಶಾಖಕ್ಕೆ ಸ್ಪಂದಿಸುತ್ತದೆ, ಕ್ಯಾಪ್ಸೈಸಿನ್‌ಗೆ ಮಾತ್ರ ಸ್ಪಂದಿಸುವುದಿಲ್ಲ. ಅಂದರೆ ಖಾರ ಎಂಬ ಗುಣ ಕಾಯಿಯೊಳಗೆ ತನ್ನಷ್ಟಕ್ಕೆ ತಾನೇ ಕುಳಿತಿಲ್ಲ. ಅದು ಕಾಯಿ ಮತ್ತು ತಿನ್ನುವ ಜೀವಿಯ ನರಮಂಡಲ ಎರಡೂ ಕೂಡಿದಾಗ ಹುಟ್ಟುತ್ತದೆ.

ಹತ್ತೊಂಬತ್ತನೆಯ ಶತಮಾನದ ಜರ್ಮನ್ ಶರೀರಶಾಸ್ತ್ರಜ್ಞ ಯೋಹಾನೆಸ್ ಮ್ಯೂಲರ್ ಇದನ್ನು ಒಂದು ತತ್ತ್ವವಾಗಿಯೇ ಹೇಳಿದ್ದರು: ನಮಗಾಗುವ ಅನುಭವ ಯಾವ ಬಗೆಯದು ಎಂಬುದನ್ನು ನಿರ್ಧರಿಸುವುದು ಹೊರಗಿನ ಪ್ರಚೋದನೆಯಲ್ಲ, ಯಾವ ನರ ಮಿಡಿಯಿತು ಎಂಬುದು. ಕಣ್ಣು ಮುಚ್ಚಿ ರೆಪ್ಪೆಯ ಅಂಚನ್ನು ಬೆರಳಿನಿಂದ ಹಗುರವಾಗಿ ಒತ್ತಿದರೆ ಕತ್ತಲಲ್ಲಿಯೂ ಬೆಳಕಿನ ಬಳೆಯೊಂದು ಕಾಣುತ್ತದೆ. ಅಲ್ಲಿ ಬೆಳಕಿಲ್ಲ, ಒತ್ತಡವಿದೆ; ಆದರೆ ಕಣ್ಣಿನ ನರಕ್ಕೆ ಬೆಳಕಿನ ಹೊರತು ಬೇರೆ ಸುದ್ದಿ ಹೇಳಲು ಬರುವುದಿಲ್ಲ.

ಸಂವೇದನೆಯನ್ನು ಅಳೆಯಬಹುದೆಂದು ತೋರಿಸಿದವರು ಲೈಪ್‌ಜಿಗ್‌ನ ಅರ್ನ್ಸ್ಟ್ ವೇಬರ್. ಕೈಯಲ್ಲಿ ಭಾರ ಎತ್ತಿ ತೂಗುವ ಪ್ರಯೋಗಗಳಿಂದ ಅವರು 1834ರಲ್ಲಿ ಪ್ರಕಟಿಸಿದ ಸಂಗತಿ ಸರಳವಾದರೂ ದೂರಗಾಮಿಯಾದುದು: ಎರಡು ಭಾರಗಳ ನಡುವಿನ ವ್ಯತ್ಯಾಸ ಕೈಗೆ ತಿಳಿಯಬೇಕಾದರೆ ಆ ವ್ಯತ್ಯಾಸ ಇಂತಿಷ್ಟು ಗ್ರಾಂ ಇರಬೇಕೆಂದಿಲ್ಲ, ಮೂಲ ಭಾರದ ಇಂತಿಷ್ಟು ಪಾಲು ಇರಬೇಕು. ಎತ್ತಿ ನೋಡುವ ಭಾರಗಳಲ್ಲಿ ಈ ಪಾಲು ಸುಮಾರು ನಲವತ್ತರಲ್ಲಿ ಒಂದು. 200 ಗ್ರಾಮಿನ ಪೊಟ್ಟಣಕ್ಕೆ 5 ಗ್ರಾಂ ಸೇರಿಸಿದರೆ ಗೊತ್ತಾದೀತು, ಆದರೆ 2 ಕಿಲೋ ಚೀಲಕ್ಕೆ ಅದೇ 5 ಗ್ರಾಂ ಸೇರಿಸಿದರೆ ಗೊತ್ತಾಗದು, ಅಲ್ಲಿ 50 ಗ್ರಾಮಿನಷ್ಟು ಬೇಕು. ಕರೆಂಟ್ ಹೋದ ಕೋಣೆಯಲ್ಲಿ ಒಂದು ಮೇಣದಬತ್ತಿ ಹಚ್ಚಿದರೆ ಮುಖಗಳೆಲ್ಲ ಕಾಣುತ್ತವೆ. ಟ್ಯೂಬ್‌ಲೈಟ್ ಉರಿಯುತ್ತಿರುವ ಅದೇ ಕೋಣೆಯಲ್ಲಿ ಅದೇ ಮೇಣದಬತ್ತಿ ಹಚ್ಚಿದರೆ ಬೆಳಕು ಹೆಚ್ಚಿದ್ದೇ ತಿಳಿಯುವುದಿಲ್ಲ. ಗುಸ್ಟಾವ್ ಫೆಕ್ನರ್ ಇದನ್ನು ಮುಂದುವರಿಸಿ 1860ರಲ್ಲಿ, ಹೊರಗಿನ ಪ್ರಚೋದನೆಗೂ ಒಳಗಿನ ಅನುಭವಕ್ಕೂ ಇರುವ ಸಂಬಂಧವನ್ನು ಅಳೆಯುವ ಮನೋಭೌತಶಾಸ್ತ್ರ ಎಂಬ ಹೊಸ ಶಾಖೆಗೆ ಅಡಿಪಾಯ ಹಾಕಿದರು. ತೀರ ಸಣ್ಣ ಮತ್ತು ತೀರ ದೊಡ್ಡ ಪ್ರಮಾಣಗಳಲ್ಲಿ ಈ ನಿಯಮ ಕೆಡುತ್ತದೆ ಎಂಬುದು ಮುಂದೆ ಗೊತ್ತಾಯಿತು. ಆದರೂ ನಮ್ಮ ಇಂದ್ರಿಯಗಳು ಅಳೆಯುವುದು ಇದ್ದ ಪ್ರಮಾಣವನ್ನಲ್ಲ, ಇದ್ದುದರ ಮೇಲೆ ಆದ ಬದಲಾವಣೆಯನ್ನು ಎಂಬ ಅದರ ತಿರುಳು ಇಂದಿಗೂ ನಿಂತಿದೆ.

ಬದಲಾವಣೆಯೇ ಮುಖ್ಯವಾದ್ದರಿಂದ, ಬದಲಾಗದೆ ಉಳಿದದ್ದನ್ನು ನರಮಂಡಲ ಕ್ರಮೇಣ ಕಡೆಗಣಿಸುತ್ತದೆ. ಧಾರವಾಡದ ಲೈನ್ ಬಜಾರಿನಲ್ಲಿ ಪೇಡೆಯಂಗಡಿಯ ಮುಂದೆ ನಿಂತ ಗಿರಾಕಿಗೆ ಹುರಿದ ಖೋವೆಯ ವಾಸನೆ ಗಾಢವಾಗಿ ಹತ್ತುತ್ತದೆ. ಬೆಳಗಿನಿಂದ ಒಳಗೆ ಕುಳಿತವರಿಗೆ ಅದು ಹೆಚ್ಚುಕಡಿಮೆ ಇಲ್ಲದಂತೆಯೇ. ಪೇಡೆ ತಿಂದ ಬೆನ್ನಿಗೆ ಚಹಾ ಕುಡಿದರೆ ಸಕ್ಕರೆ ಹಾಕಿಲ್ಲವೇನೋ ಎನ್ನಿಸುವುದೂ ಇದೇ ಹೊಂದಾಣಿಕೆಯಿಂದ. ಇನ್ನೊಂದು ಪ್ರಯೋಗವನ್ನು ಯಾರು ಬೇಕಾದರೂ ಮಾಡಬಹುದು: ಮೂಗನ್ನು ಬೆರಳಿನಿಂದ ಒತ್ತಿ ಹಿಡಿದು ಪೇಡೆಯ ತುಣುಕನ್ನು ಬಾಯಿಗೆ ಹಾಕಿಕೊಂಡರೆ ಸಿಹಿ ಮತ್ತು ಸ್ವಲ್ಪ ಮರಳುಮರಳಾದ ಸ್ಪರ್ಶ ಮಾತ್ರ ಸಿಗುತ್ತದೆ. ಮೂಗು ಬಿಟ್ಟೊಡನೆ ಹುರಿದ ಹಾಲಿನ ಪರಿಮಳ ಗಂಟಲಿನ ಹಿಂಬದಿಯಿಂದ ಮೂಗಿಗೆ ಏರಿ, ಪೇಡೆ ಪೇಡೆಯಾಗುತ್ತದೆ. ಆದರೆ ಆ ಪರಿಮಳ ಮೂಗಿನಲ್ಲಿದೆ ಎಂದು ನಮಗೆ ಅನ್ನಿಸುವುದಿಲ್ಲ, ನಾಲಿಗೆಯ ಮೇಲಿದೆ ಎಂದೇ ಅನ್ನಿಸುತ್ತದೆ. ಎರಡು ಇಂದ್ರಿಯಗಳ ಸಂಕೇತಗಳನ್ನು ಒಂದುಗೂಡಿಸಿ ಒಂದೇ ಜಾಗದಲ್ಲಿ ಇಟ್ಟದ್ದು ಮಿದುಳು. ಇಲ್ಲಿಂದ ಗ್ರಹಿಕೆಯ ಕೆಲಸ ಆರಂಭವಾಗುತ್ತದೆ.

ಕಣ್ಣಿನ ವಿಷಯದಲ್ಲಿ ಮಿದುಳಿನ ಈ ಪಾಲು ಎಷ್ಟು ದೊಡ್ಡದೆಂಬುದನ್ನು ಅಂಕಿಗಳೇ ಹೇಳುತ್ತವೆ. ಒಂದೊಂದು ಕಣ್ಣಿನ ಅಕ್ಷಿಪಟದಲ್ಲಿ ಮಂದ ಬೆಳಕಿಗೆ ಸ್ಪಂದಿಸುವ ಸುಮಾರು 12 ಕೋಟಿ ದಂಡಕೋಶಗಳೂ ಬಣ್ಣಕ್ಕೆ ಬೇಕಾದ ಸುಮಾರು 60 ಲಕ್ಷ ಶಂಕುಕೋಶಗಳೂ ಇವೆ. ಅವೆಲ್ಲವುಗಳ ಸುದ್ದಿಯನ್ನು ಮಿದುಳಿಗೆ ಒಯ್ಯುವ ದೃಷ್ಟಿನರದಲ್ಲಿ ಇರುವುದು ಸುಮಾರು 10 ಲಕ್ಷ ತಂತುಗಳು. ಸ್ಪಷ್ಟವಾಗಿ ಓದಲು ಬರುವ ಭಾಗ ಅಕ್ಷಿಪಟದ ನಡುವಿನ ಪುಟ್ಟ ಗುಳಿಯೊಂದೇ, ಉಳಿದೆಡೆ ನೋಟ ಮಸುಕು. ದೃಷ್ಟಿನರ ಕಣ್ಣಿನಿಂದ ಹೊರಬೀಳುವ ಜಾಗದಲ್ಲಂತೂ ಬೆಳಕನ್ನು ಹಿಡಿಯುವ ಕೋಶಗಳೇ ಇಲ್ಲ. ಫ್ರಾನ್ಸಿನ ಮಾರಿಯೊಟ್ ಹದಿನೇಳನೆಯ ಶತಮಾನದಲ್ಲಿ ತೋರಿಸಿದ ಈ ಕುರುಡು ಚುಕ್ಕೆಯನ್ನು ನೋಡಲು ಬಿಳಿ ಹಾಳೆ ಸಾಕು. ಎಡಕ್ಕೆ ಒಂದು ಕೂಡು ಚಿಹ್ನೆ, ಅದರಿಂದ 10 ಸೆಂಟಿಮೀಟರ್ ಬಲಕ್ಕೆ ಒಂದು ಕಪ್ಪು ಚುಕ್ಕೆ ಬರೆದು, ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಕೂಡು ಚಿಹ್ನೆಯ ಮೇಲೆಯೇ ನೆಟ್ಟು, ಹಾಳೆಯನ್ನು ಕೈಯಳತೆಯಿಂದ ನಿಧಾನವಾಗಿ ಹತ್ತಿರ ತರಬೇಕು. ಸುಮಾರು 35ರಿಂದ 40 ಸೆಂಟಿಮೀಟರ್ ದೂರದಲ್ಲಿ ಚುಕ್ಕೆ ಮಾಯವಾಗುತ್ತದೆ. ಗಮನಿಸಬೇಕಾದದ್ದು ಮಾಯವಾದುದನ್ನಲ್ಲ, ಆ ಜಾಗದಲ್ಲಿ ಏನು ಕಾಣುತ್ತದೆ ಎಂಬುದನ್ನು. ಅಲ್ಲಿ ಕಪ್ಪು ರಂಧ್ರ ಕಾಣುವುದಿಲ್ಲ, ಬಿಳಿ ಹಾಳೆಯೇ ಕಾಣುತ್ತದೆ. ಚುಕ್ಕೆಯ ಮೂಲಕ ಒಂದು ಗೆರೆ ಎಳೆದಿದ್ದರೆ ಗೆರೆ ತುಂಡಾಗದೆ ಮುಂದುವರಿದಂತೆ ಕಾಣುತ್ತದೆ. ಸುತ್ತಲಿನ ಸುಳಿವಿನಿಂದ ಮಿದುಳು ಆ ಜಾಗವನ್ನು ತುಂಬಿಕೊಂಡಿದೆ.

ಈ ಬಗೆಯ ತುಂಬಿಕೊಳ್ಳುವಿಕೆಗೆ ಜರ್ಮನ್ ವಿಜ್ಞಾನಿ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ‘ಅಪ್ರಜ್ಞಾಪೂರ್ವಕ ಅನುಮಾನ’ ಎಂಬ ಹೆಸರು ಕೊಟ್ಟರು. ಅನುಮಾನ ಎಂದರೆ ಇಲ್ಲಿ ಸಂಶಯವಲ್ಲ, ಸುಳಿವಿನಿಂದ ಮಾಡುವ ತೀರ್ಮಾನ. ಈ ತೀರ್ಮಾನದ ಕೆಲಸವನ್ನು ವಿಸ್ತಾರವಾಗಿ ನೋಡಬೇಕಾದರೆ ಹುಬ್ಬಳ್ಳಿಯ ರೈಲು ನಿಲ್ದಾಣಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಅಲ್ಲಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಜಗತ್ತಿನಲ್ಲಿಯೇ ಅತಿ ಉದ್ದನೆಯದು. ಅದರ ಒಂದು ತುದಿಯಲ್ಲಿ ನಿಂತಾಗ, ನಿಮ್ಮಿಂದ 10 ಮೀಟರ್ ದೂರದಲ್ಲಿರುವ ಮನುಷ್ಯನ ಬಿಂಬಕ್ಕೆ ಹೋಲಿಸಿದರೆ 100 ಮೀಟರ್ ದೂರದಲ್ಲಿರುವವನ ಬಿಂಬ ಅಕ್ಷಿಪಟದ ಮೇಲೆ ಹತ್ತರಲ್ಲಿ ಒಂದರಷ್ಟೇ ಎತ್ತರ ಮೂಡುತ್ತದೆ. ಆದರೂ ದೂರದವನು ಗೊಂಬೆಯಷ್ಟಿದ್ದಾನೆ ಎಂದು ಯಾರಿಗೂ ಅನ್ನಿಸುವುದಿಲ್ಲ. ದೂರದ ಲೆಕ್ಕವನ್ನು ಸೇರಿಸಿಕೊಂಡು ಮಿದುಳು ಗಾತ್ರವನ್ನು ಸರಿಪಡಿಸಿ ಕೊಡುತ್ತದೆ. ಇಟಲಿಯ ಮಾರಿಯೊ ಪೊಂಜೊ ಹೆಸರಿನ ಭ್ರಮೆ ಈ ಸರಿಪಡಿಸುವಿಕೆಯಿಂದಲೇ ಹುಟ್ಟುತ್ತದೆ. ದೂರದಲ್ಲಿ ಕೂಡಿದಂತೆ ಕಾಣುವ ಎರಡು ಹಳಿಗಳ ಚಿತ್ರದ ಮೇಲೆ ಒಂದೇ ಅಳತೆಯ ಎರಡು ಅಡ್ಡಗೆರೆ ಎಳೆದರೆ ಮೇಲಿನದು ಉದ್ದವಾಗಿ ಕಾಣುತ್ತದೆ. ಮೇಲಿನದು ದೂರದಲ್ಲಿದೆ, ಆದ್ದರಿಂದ ದೊಡ್ಡದಿರಬೇಕು ಎಂಬ ಲೆಕ್ಕ ನಾವು ಕೇಳದೆಯೇ ನಡೆದುಹೋಗಿರುತ್ತದೆ. ಭ್ರಮೆಗಳನ್ನು ಕಣ್ಣಿನ ದೋಷವೆಂದು ಹೇಳುವವರನ್ನು ನಾನು ಒಪ್ಪುವುದಿಲ್ಲ. ಬದುಕಿನ ನೂರು ಸಂದರ್ಭಗಳಲ್ಲಿ ನಮ್ಮನ್ನು ಕಾಯುವ ಲೆಕ್ಕಾಚಾರವೇ ಒಂದು ಕೃತಕ ಚಿತ್ರದಲ್ಲಿ ತಪ್ಪುತ್ತದೆ, ತಪ್ಪಿದಾಗ ಮಾತ್ರ ಅದು ಕಣ್ಣಿಗೆ ಬೀಳುತ್ತದೆ.

ಅದೇ ನಿಲ್ದಾಣದಲ್ಲಿ ಇನ್ನೊಂದು ಅನುಭವ ಸಾಮಾನ್ಯ. ನಿಂತ ರೈಲಿನಲ್ಲಿ ಕುಳಿತಿರುವಾಗ ಪಕ್ಕದ ಹಳಿಯ ಗಾಡಿ ಹೊರಟರೆ ನಮ್ಮದೇ ಹೊರಟಿತೆಂದು ಒಂದು ಗಳಿಗೆ ಅನ್ನಿಸುತ್ತದೆ. ಒಳಗಿವಿಯ ಸಮತೋಲನದ ಅಂಗಗಳು ಗುರುತಿಸುವುದು ವೇಗದಲ್ಲಾಗುವ ಏರಿಳಿತವನ್ನೇ ಹೊರತು ಸಮವೇಗವನ್ನಲ್ಲ. ಗಾಡಿ ಮೆಲ್ಲಗೆ ಹೊರಟರೆ ಆ ಏರಿಕೆಯೂ ಅವುಗಳ ಅರಿವಿಗೆ ಬಾರದಷ್ಟು ಸಣ್ಣದಾಗಿರುತ್ತದೆ. ಹೀಗಾಗಿ ಒಳಗಿವಿ ಸುಮ್ಮನಿದ್ದರೂ ಮಿದುಳು ಅದನ್ನು ‘ಚಲನೆ ಇಲ್ಲ’ ಎಂಬ ಸಾಕ್ಷಿಯಾಗಿ ಪರಿಗಣಿಸದೆ ಕಣ್ಣಿನ ಮಾತನ್ನು ನಂಬುತ್ತದೆ.

ಬಣ್ಣದ ವಿಷಯದಲ್ಲಿಯೂ ಲೆಕ್ಕ ಇದ್ದೇ ಇದೆ. ಗದಗ-ಬೆಟಗೇರಿಯ ಸೀರೆ ಅಂಗಡಿಗಳಲ್ಲಿ ಅನುಭವಸ್ಥ ಹೆಣ್ಣುಮಕ್ಕಳು ಆರಿಸಿದ ಸೀರೆಯನ್ನು ಬಾಗಿಲ ತನಕ ತಂದು ಹಗಲ ಬೆಳಕಿಗೆ ಹಿಡಿದು ನೋಡುವುದಕ್ಕೆ ಗಟ್ಟಿಯಾದ ಕಾರಣವಿದೆ. ಬೇರೆಬೇರೆ ಬಣ್ಣದ್ರವ್ಯಗಳಲ್ಲಿ ಅದ್ದಿದ ಸೀರೆಯ ಅಂಚು ಮತ್ತು ಕುಪ್ಪಸದ ಬಟ್ಟೆ ಅಂಗಡಿಯ ಎಲ್‌ಇಡಿ ದೀಪದಲ್ಲಿ ಒಂದೇ ಬಣ್ಣವಾಗಿ ಕಂಡು, ಬಿಸಿಲಿನಲ್ಲಿ ಬೇರೆಬೇರೆಯಾಗಿ ಕಾಣಬಹುದು. ಮೇಲೆ ಬೀಳುತ್ತಿರುವ ಬೆಳಕು ಎಂಥದೆಂದು ಮಿದುಳು ಮೊದಲು ಊಹಿಸಿ, ಅದನ್ನು ಕಳೆದು, ಉಳಿದದ್ದನ್ನು ಬಟ್ಟೆಯ ಬಣ್ಣವೆಂದು ತೋರಿಸುತ್ತದೆ. 2015ರಲ್ಲಿ ಅಂತರ್ಜಾಲದಲ್ಲಿ ಹರಿದಾಡಿದ ಒಂದು ಉಡುಪಿನ ಛಾಯಾಚಿತ್ರ ಕೆಲವರಿಗೆ ಬಿಳಿ-ಬಂಗಾರವಾಗಿಯೂ ಕೆಲವರಿಗೆ ನೀಲಿ-ಕಪ್ಪಾಗಿಯೂ ಕಂಡಿತು. ಉಡುಪು ನಿಜಕ್ಕೂ ನೀಲಿ-ಕಪ್ಪು. ನೋಡಿದವರ ಕಣ್ಣುಗಳು ಬೇರೆಯಾಗಿರಲಿಲ್ಲ, ಬೆಳಕಿನ ಬಗ್ಗೆ ಅವರವರ ಮಿದುಳು ಮಾಡಿದ ಊಹೆ ಬೇರೆಯಾಗಿತ್ತು.

ಕಿವಿಯ ಬಗ್ಗೆ ಬರೆಯುವಾಗ ಧಾರವಾಡ ಸೀಮೆಯವರು ತಂಬೂರಿಯನ್ನು ಬಿಟ್ಟು ಮಾತಾಡುವುದು ಕಷ್ಟ. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮುಂದೆ ಕುಳಿತು ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಕಲಿತ ಈ ನೆಲದಲ್ಲಿ ನಾಲ್ಕು ತಂತಿಯ ಆ ವಾದ್ಯದ ಗುಂಜಾರವ ಪರಿಚಿತ. ಸಂವೇದನೆ ಮತ್ತು ಗ್ರಹಿಕೆಗಳ ನಡುವಿನ ಅಂತರವನ್ನು ಎರಡೂ ಕಡೆಯಿಂದ ತೋರಿಸುವ ವಾದ್ಯ ಇದಕ್ಕಿಂತ ಉತ್ತಮವಾದುದು ನನಗೆ ತಿಳಿದಿಲ್ಲ.

ತಂತಿಯೊಂದು ಕಂಪಿಸಿದಾಗ ಹುಟ್ಟುವುದು ಒಂದೇ ಸ್ವರವಲ್ಲ. ಖರಜದ, ಅಂದರೆ ಕೆಳಗಿನ ಷಡ್ಜದ (ಸ), ತಂತಿ ಸೆಕೆಂಡಿಗೆ 70 ಸಲ ಕಂಪಿಸುತ್ತದೆ ಎಂದಿಟ್ಟುಕೊಳ್ಳೋಣ. ಅದರೊಡನೆಯೇ 140, 210, 280, 350, 420 ಹೀಗೆ ಎರಡು ಪಟ್ಟು, ಮೂರು ಪಟ್ಟು ಎಂದು ಏರುತ್ತ ಹೋಗುವ ಉಪಸ್ವರಗಳೂ ಗಾಳಿಯಲ್ಲಿರುತ್ತವೆ. ತಂತಿಗಳನ್ನು ಹೊತ್ತು ನಿಂತ ಸೇತುವೆಯ ಮೇಲೆ ತಂತಿಯ ಕೆಳಗೆ ಸಣ್ಣ ನೂಲೆಳೆಯನ್ನು ಸರಿಸಿ ‘ಜವಾರಿ’ ಎಂಬ ಝೇಂಕಾರ ಕೂಡಿಸಿದಾಗ ಈ ಮೇಲಿನ ಉಪಸ್ವರಗಳು ತುಂಬಿ ಬರುತ್ತವೆ. ಭಾರತೀಯ ತಂತಿವಾದ್ಯಗಳ ಸೇತುವೆಯ ಈ ವಿಶೇಷವನ್ನು ಸಿ.ವಿ. ರಾಮನ್ ಅವರು 1921ರಲ್ಲಿಯೇ ವಿವರಿಸಿದ್ದರು. ಇವುಗಳಲ್ಲಿ ಐದನೆಯದು, ಅಂದರೆ 350, ಷಡ್ಜಕ್ಕೆ (ಸ) ಗಂಧಾರವಾಗುತ್ತದೆ (ಗ). ಯಾವ ತಂತಿಯನ್ನೂ ಗಂಧಾರಕ್ಕೆ ಶ್ರುತಿ ಮಾಡಿರುವುದಿಲ್ಲ, ಆದರೂ ಅದು ಕೇಳಿಸುತ್ತದೆ. ಸಂಗೀತಗಾರರು ಅದನ್ನು ಸ್ವಯಂಭೂ ಗಂಧಾರವೆನ್ನುತ್ತಾರೆ. ಹೊಸ ವಿದ್ಯಾರ್ಥಿಗೆ ಅದು ಕೇಳಿಸುವುದಿಲ್ಲ. ಕಂಪನ ಅವನ ಕಿವಿಯನ್ನೂ ಮುಟ್ಟಿದೆ. ಒಳಗಿವಿಯ ಶಂಖಾಕಾರದ ನಾಳದಲ್ಲಿ ಬೇರೆಬೇರೆ ಕಂಪನಗಳಿಗೆ ಬೇರೆಬೇರೆ ಜಾಗಗಳು ಹೆಚ್ಚು ಅಲುಗುತ್ತವೆ ಎಂದು ಗೆಯೊರ್ಗ್ ಫಾನ್ ಬೆಕೆಶಿ ತೋರಿಸಿದ ಬಗೆಯಲ್ಲಿ, 350ಕ್ಕೆ ಮೀಸಲಾದ ಜಾಗ ಅವನಲ್ಲಿಯೂ ಅಲುಗಿದೆ. ಸಂವೇದನೆ ಇದೆ, ಗ್ರಹಿಕೆ ಇಲ್ಲ. ಗುರುಗಳು ಆ ಸ್ವರವನ್ನು ಮೆಲ್ಲಗೆ ಗುನುಗಿ ತೋರಿಸಿ, ಮತ್ತೆ ತಂಬೂರಿಗೆ ಕಿವಿಗೊಡಲು ಹೇಳಿ, ಇದೇ ಅಭ್ಯಾಸವನ್ನು ಮುಂದುವರಿಸಿದಾಗ ಒಂದು ದಿನ ಗಂಧಾರ ಬೇರ್ಪಟ್ಟು ಕೇಳಿಸುತ್ತದೆ. ಆಮೇಲೆ ಅದು ಮತ್ತೆ ಮರೆಯಾಗುವುದು ವಿರಳ. ಬದಲಾದದ್ದು ಕಿವಿಯಲ್ಲ, ಕೇಳುವ ಬಗೆ.

ಈಗ ಇದರ ತದ್ವಿರುದ್ಧವನ್ನು ನೋಡಬೇಕು. ಅದೇ ತಂಬೂರಿಯನ್ನು ಮೊಬೈಲ್ ಆ್ಯಪ್‌ನಲ್ಲಿ ಹಾಕಿ ಫೋನಿನ ಸಣ್ಣ ಸ್ಪೀಕರಿನಿಂದ ಕೇಳಿರಿ. ಅಷ್ಟು ಚಿಕ್ಕ ಸ್ಪೀಕರಿಗೆ 70ರ ಕಂಪನವನ್ನು ಕೇಳಿಸುವಷ್ಟು ಹೊರಡಿಸುವ ಶಕ್ತಿ ಇರುವುದಿಲ್ಲ. ಆದರೂ ನಮಗೆ ಕೇಳಿಸುವುದು ಖರಜವೇ. ಸದ್ದು ತೆಳುವಾದೀತು, ಸ್ವರ ಮಾತ್ರ ಮೇಲಕ್ಕೆ ಜಿಗಿಯುವುದಿಲ್ಲ. 280, 350, 420 ಇವುಗಳ ನಡುವಿನ ಅಂತರ 70 ಆಗಿರುವುದರಿಂದ, ಇವೆಲ್ಲ 70ರ ಒಂದೇ ಕುಟುಂಬಕ್ಕೆ ಸೇರಿದವು ಎಂದು ತೀರ್ಮಾನಿಸಿ ಮಿದುಳು ಗಾಳಿಯಲ್ಲಿಲ್ಲದ ಮೂಲ ಸ್ವರವನ್ನು ತಾನೇ ಕೇಳಿಸುತ್ತದೆ. ಜರ್ಮನಿಯ ಆಗಸ್ಟ್ ಜೇಬೆಕ್ 1841ರಲ್ಲಿ ಸೈರನ್ ಬಳಸಿ ಇದನ್ನು ಗಮನಿಸಿದಾಗ ದೊಡ್ಡ ವಿವಾದವೇ ಎದ್ದಿತ್ತು. ಹಳೆಯ ದೂರವಾಣಿ ತಂತಿಗಳು ದಾಟಿಸುತ್ತಿದ್ದುದು ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಸದ್ದನ್ನು ಮಾತ್ರ. ಗಂಡಸಿನ ದನಿಯ ಮೂಲ ಕಂಪನ ಸಾಮಾನ್ಯವಾಗಿ 100ರಿಂದ 120ರ ಆಸುಪಾಸಿನಲ್ಲಿರುತ್ತದೆ. ಆದರೂ ಅಪ್ಪನ ದನಿ ಫೋನಿನಲ್ಲಿ ಹೆಂಗಸಿನ ದನಿಯಾಗಿ ಕೇಳಿಸಿದ್ದಿಲ್ಲ. ಗಾಳಿಯಲ್ಲಿ ಇದ್ದೂ ಕೇಳಿಸದ ಗಂಧಾರ ಮತ್ತು ಗಾಳಿಯಲ್ಲಿ ಇಲ್ಲದೆಯೂ ಕೇಳಿಸುವ ಖರಜ, ಇವೆರಡನ್ನು ಜತೆಗಿಟ್ಟು ನೋಡಿದ ಮೇಲೆ ಕೇಳುವುದೆಂದರೆ ಸದ್ದನ್ನು ಸುಮ್ಮನೆ ಬರಮಾಡಿಕೊಳ್ಳುವುದು ಎಂದು ಹೇಳಲು ಸಾಧ್ಯವಿಲ್ಲ.

ಮಾತು ಕೇಳುವಾಗಲೂ ಹೀಗೆಯೇ. ಹುಬ್ಬಳ್ಳಿ ಬಸ್ ನಿಲ್ದಾಣದ ಗದ್ದಲದಲ್ಲಿ ಧ್ವನಿವರ್ಧಕದ ಘೋಷಣೆ ಅರ್ಧಂಬರ್ಧ ಕಿವಿಗೆ ಬೀಳುತ್ತದೆ; ಗದಗಿನ ಬಸ್ಸಿಗೆ ಕಾದವರಿಗೆ ಆ ಹರಕುಮುರುಕು ಸದ್ದಿನಲ್ಲಿ ‘ಗದಗ’ ಇಡಿಯಾಗಿ ಕೇಳಿಸುತ್ತದೆ. 1970ರಲ್ಲಿ ರಿಚರ್ಡ್ ವಾರನ್ ಮಾಡಿದ ಪ್ರಯೋಗದಲ್ಲಿ ವಾಕ್ಯದ ನಡುವಿನ ಒಂದು ಧ್ವನಿಯನ್ನು ಕತ್ತರಿಸಿ ಅಲ್ಲಿ ಕೆಮ್ಮಿನ ಸದ್ದನ್ನು ಇಡಲಾಗಿತ್ತು. ಕೇಳಿದವರಿಗೆ ಪದ ಪೂರ್ತಿಯಾಗಿಯೇ ಕೇಳಿಸಿತು, ಕೆಮ್ಮು ಯಾವ ಜಾಗದಲ್ಲಿ ಬಂತೆಂದು ಸರಿಯಾಗಿ ಹೇಳಲಾಗಲಿಲ್ಲ. ಕಣ್ಣೂ ಇದರಲ್ಲಿ ಸೇರಿಕೊಳ್ಳುತ್ತದೆ. ‘ಬ’ ಎಂಬ ಸದ್ದನ್ನು ‘ಗ’ ಎನ್ನುತ್ತಿರುವ ಮುಖದ ದೃಶ್ಯಕ್ಕೆ ಜೋಡಿಸಿದರೆ ಬಹುಜನರಿಗೆ ಕೇಳಿಸುವುದು ಎರಡೂ ಅಲ್ಲದ ಮೂರನೆಯ ಸದ್ದು, ‘ದ’ ಅಥವಾ ‘ಡ’ಕ್ಕೆ ಹತ್ತಿರವಾದುದು. ಮೆಕ್‌ಗರ್ಕ್ ಮತ್ತು ಮೆಕ್‌ಡೊನಾಲ್ಡ್ 1976ರಲ್ಲಿ ವರದಿ ಮಾಡಿದ ಈ ಪರಿಣಾಮ, ಉಪಾಯ ತಿಳಿದ ಮೇಲೂ ನಿಲ್ಲುವುದಿಲ್ಲ. ಇನ್ನು ‘ತ’ ಮತ್ತು ‘ಟ’ ನಮಗೆ ಎಷ್ಟು ಬೇರೆಯೆಂದರೆ ಅವು ಒಂದೇ ಆಗಿ ಕೇಳಿಸಬಹುದೆಂದು ನಂಬಲಾಗದು. ಆದರೆ 1984ರಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಗಳ ಆರೇಳು ತಿಂಗಳ ಕೂಸುಗಳು ಹಿಂದಿಯ ಈ ಭೇದವನ್ನು ಗುರುತಿಸಿದವು. ವರ್ಷ ತುಂಬುವ ಹೊತ್ತಿಗೆ ಆ ಶಕ್ತಿ ಬಹುಮಟ್ಟಿಗೆ ಕಳೆದುಹೋಗಿತ್ತು. ನಮ್ಮ ಮಕ್ಕಳಲ್ಲಿ ಅದು ಉಳಿಯುವುದು ಸುತ್ತಲಿನವರ ಮಾತು ಅದನ್ನು ದಿನವೂ ಬೇಡುವುದರಿಂದ.

ಬಳಕೆ ಗ್ರಹಿಕೆಯನ್ನು ರೂಪಿಸುತ್ತದೆ ಎಂಬ ಮಾತಿಗೆ ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರು ತಾನಾಗಿಯೇ ನೆನಪಾಗುತ್ತದೆ. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಮತ್ತು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಕಟ್ಟಿ ಬೆಳೆಸಿದ ಈ ಆಶ್ರಮದಲ್ಲಿ ದೃಷ್ಟಿಯಿಲ್ಲದ ಮಕ್ಕಳು ತಲೆಮಾರುಗಳಿಂದ ಸಂಗೀತ ಕಲಿಯುತ್ತ ಬಂದಿದ್ದಾರೆ. ದೇವರು ಒಂದು ಇಂದ್ರಿಯ ಕಸಿದುಕೊಂಡರೆ ಇನ್ನೊಂದನ್ನು ಹರಿತಗೊಳಿಸುತ್ತಾನೆ ಎಂದು ಜನ ಹೇಳುತ್ತಾರೆ. ಈ ಮಾತನ್ನು ಸ್ವಲ್ಪ ತಿದ್ದಬೇಕಾಗಿದೆ, ಏಕೆಂದರೆ ಇರುವ ಹಾಗೆಯೇ ಬಿಟ್ಟರೆ ಅದು ಆ ಮಕ್ಕಳ ಪರಿಶ್ರಮವನ್ನು ಮರೆಮಾಡುತ್ತದೆ. ಅಂಧರ ಕಿವಿಯೆಂಬ ಅಂಗ ಬೇರೆಯದಾಗಿರುವುದಿಲ್ಲ. ಬೇರೆಯಾಗುವುದು ಮಿದುಳಿನ ಒಳಗಿನ ಹಂಚಿಕೆ. ಚಿಕ್ಕಂದಿನಲ್ಲೇ ದೃಷ್ಟಿ ಕಳೆದುಕೊಂಡವರು ಬೆರಳಿನಿಂದ ಬ್ರೈಲ್ ಓದುವಾಗ, ಕಣ್ಣಿದ್ದವರಲ್ಲಿ ನೋಟಕ್ಕೆ ಮೀಸಲಾದ ಹಿಂದಲೆಯ ಮಿದುಳು ಕ್ರಿಯಾಶೀಲವಾಗುತ್ತದೆ ಎಂಬುದನ್ನು ನೊರಿಹಿರೊ ಸದಾಟೊ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದರು. ಸ್ವರ ಏರಿತೋ ಇಳಿಯಿತೋ ಎಂಬುದನ್ನು ಗುರುತಿಸುವಲ್ಲಿ, ಎಳವೆಯಲ್ಲೇ ದೃಷ್ಟಿ ಕಳೆದುಕೊಂಡವರು ಕಣ್ಣಿದ್ದವರಿಗಿಂತ ಮುಂದಿರುತ್ತಾರೆ, ದೊಡ್ಡವರಾದ ಮೇಲೆ ಕಳೆದುಕೊಂಡವರಲ್ಲಿ ಈ ಮೇಲುಗೈ ಕಾಣುವುದಿಲ್ಲ ಎಂಬುದು 2004ರಲ್ಲಿ ಕೆನಡಾದಿಂದ ಬಂದ ಅಧ್ಯಯನದ ಫಲಿತಾಂಶ. ಮಿದುಳಿನ ಈ ಮರುಹಂಚಿಕೆಯ ಮೇಲೆ ವರ್ಷಗಟ್ಟಲೆಯ ಅಭ್ಯಾಸ ಸೇರಿದಾಗ ಮಾತ್ರ ಅದು ಸಂಗೀತವಾಗುತ್ತದೆ.

ಇದಕ್ಕೆ ಹೊಂದಿಕೊಂಡ ಹಳೆಯ ಪ್ರಶ್ನೆಯೊಂದಿದೆ. ಐರ್ಲೆಂಡಿನ ವಿಲಿಯಂ ಮಾಲಿನೆಕ್ಸ್ 1688ರಲ್ಲಿ ದಾರ್ಶನಿಕ ಜಾನ್ ಲಾಕ್‌ಗೆ ಬರೆದು ಕೇಳಿದ್ದು ಇಷ್ಟು: ಗೋಳವನ್ನೂ ಘನವನ್ನೂ ಮುಟ್ಟಿ ಗುರುತಿಸಬಲ್ಲ ಹುಟ್ಟುಕುರುಡನಿಗೆ ಒಮ್ಮೆಲೇ ಕಣ್ಣು ಬಂದರೆ, ಮುಟ್ಟದೆ ಬರೀ ನೋಡಿ ಯಾವುದು ಯಾವುದೆಂದು ಹೇಳಬಲ್ಲನೇ? ಮುನ್ನೂರು ವರ್ಷ ವಾದವಾಗಿಯೇ ಉಳಿದಿದ್ದ ಈ ಪ್ರಶ್ನೆಗೆ ಪ್ರಯೋಗದ ಉತ್ತರ ಬಂದದ್ದು ನಮ್ಮ ದೇಶದಿಂದ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪವನ್ ಸಿನ್ಹಾ ನಡೆಸುತ್ತಿರುವ ‘ಪ್ರಕಾಶ್’ ಯೋಜನೆಯಡಿ, ಹುಟ್ಟಿನಿಂದ ದೃಷ್ಟಿಯಿಲ್ಲದೆ ದೆಹಲಿಯಲ್ಲಿ ಶಸ್ತ್ರಚಿಕಿತ್ಸೆ ಪಡೆದ 8ರಿಂದ 17 ವರ್ಷದೊಳಗಿನ ಐವರನ್ನು ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ಮುಟ್ಟಿದ ಆಕಾರವನ್ನು ಮುಟ್ಟಿಯೂ, ನೋಡಿದ ಆಕಾರವನ್ನು ನೋಡಿಯೂ ಗುರುತಿಸಿದ ಅವರಿಗೆ, ಮುಟ್ಟಿದ್ದನ್ನು ನೋಡಿ ಗುರುತಿಸಲು ಮೊದಲಿಗೆ ಆಗಲಿಲ್ಲ. ಕೆಲವೇ ದಿನಗಳ ನಂತರ ಮತ್ತೆ ಪರೀಕ್ಷಿಸಿದವರಲ್ಲಿ ಆ ಶಕ್ತಿ ಗಮನಾರ್ಹವಾಗಿ ಬೆಳೆದಿತ್ತು. ಕಣ್ಣು ಬಂದ ಕ್ಷಣದಲ್ಲಿ ಸಂವೇದನೆ ಬರುತ್ತದೆ, ಗ್ರಹಿಕೆ ಕಲಿತು ಬರುತ್ತದೆ. ಮತ್ತು ಎಂಟು, ಹದಿನೇಳರ ವಯಸ್ಸಿನಲ್ಲಿಯೂ ಆ ಕಲಿಕೆಗೆ ದಾರಿ ಮುಚ್ಚಿರುವುದಿಲ್ಲ.

ಈ ವಿಷಯ ನಮ್ಮ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ವಯಸ್ಸಾದವರ ಜತೆಗಿನ ಬದುಕಿನಲ್ಲಿ ಎಂದು ನನಗೆ ಅನ್ನಿಸುತ್ತದೆ. ‘ಕೇಳಸ್ತೈತಿ, ಆದ್ರ ತಿಳಿಯಂಗಿಲ್ಲ’ ಎಂದು ಅಜ್ಜಿ ಹೇಳಿದರೆ ಮನೆಯವರು ಅದನ್ನು ಅವಳ ಅಲಕ್ಷ್ಯವೆಂದೋ ಹಟವೆಂದೋ ತಿಳಿಯುತ್ತಾರೆ. ಅವಳು ಹೇಳಿದ್ದು ಶಾಸ್ತ್ರಕ್ಕೆ ಸರಿಯಾದ ಮಾತು. ವಯಸ್ಸಾದಂತೆ ಒಳಗಿವಿಯಲ್ಲಿ ಮೊದಲು ನಶಿಸುವುದು ಹೆಚ್ಚಿನ ಕಂಪನಗಳನ್ನು ಹಿಡಿಯುವ ಕೇಶಕೋಶಗಳು, ಒಮ್ಮೆ ಸತ್ತರೆ ಅವು ಮತ್ತೆ ಹುಟ್ಟುವುದಿಲ್ಲ. ಸ್ವರಾಕ್ಷರಗಳ ಬಲವೆಲ್ಲ ಕಡಿಮೆ ಕಂಪನಗಳಲ್ಲಿರುವುದರಿಂದ ‘ಆ’, ‘ಓ’ ಚೆನ್ನಾಗಿ ಕೇಳಿಸುತ್ತವೆ. ‘ಸ’, ‘ಶ’, ‘ತ’, ‘ಚ’ ಇಂಥ ವ್ಯಂಜನಗಳು ಅಳಿಸಿಹೋಗುತ್ತವೆ, ಪದವನ್ನು ಪದದಿಂದ ಬೇರ್ಪಡಿಸುವುದು ಅವೇ. ಆಗ ಮೊಮ್ಮಗ ಕಿವಿಯ ಹತ್ತಿರ ಬಾಯಿಟ್ಟು ಗಟ್ಟಿಯಾಗಿ ಕೂಗುತ್ತಾನೆ, ಅಜ್ಜಿ ‘ಯಾಕೋ ಒದರ್ತಿ, ನಾ ಏನ್ ಕಿವುಡೇನು?’ ಎಂದು ರೇಗುತ್ತಾಳೆ. ಅದಕ್ಕೂ ಕಾರಣವಿದೆ. ಕೇಶಕೋಶಗಳು ನಶಿಸಿದಾಗ ಮೆಲ್ಲನೆಯ ಸದ್ದು ಕೇಳಿಸುವುದು ನಿಲ್ಲುತ್ತದೆ, ಆದರೆ ಸದ್ದು ಅಸಹನೀಯವಾಗುವ ಮಿತಿ ಇದ್ದಲ್ಲಿಯೇ ಇರುತ್ತದೆ. ‘ಏನೂ ಕೇಳಿಸದು’ ಎಂಬುದಕ್ಕೂ ‘ಕಿವಿ ಒಡೆಯುತ್ತದೆ’ ಎಂಬುದಕ್ಕೂ ನಡುವಿನ ಜಾಗ ಕಿರಿದಾಗುತ್ತದೆ. ಕೂಗಿದರೆ ಸ್ವರಾಕ್ಷರಗಳು ಮಾತ್ರ ದೊಡ್ಡವಾಗುತ್ತವೆ, ಕಾಣೆಯಾದ ವ್ಯಂಜನ ಮರಳುವುದಿಲ್ಲ. ಟಿವಿ ಸದ್ದನ್ನು ನಿಲ್ಲಿಸಿ, ಎದುರಿಗೆ ಕುಳಿತು, ಮುಖದ ಮೇಲೆ ಬೆಳಕು ಬೀಳುವಂತೆ, ತುಸು ನಿಧಾನವಾಗಿ ಮಾತಾಡಿದರೆ ಕಿವಿ ಬಿಟ್ಟದ್ದನ್ನು ತುಟಿಯ ಚಲನೆಯೂ ಮಾತಿನ ಸಂದರ್ಭವೂ ತುಂಬಿಕೊಡುತ್ತವೆ. ಯಾವ ವಿಷಯ ಮಾತಾಡುತ್ತಿದ್ದೇವೆ ಎಂದು ಮೊದಲೇ ಹೇಳಿಬಿಟ್ಟರೆ ಇನ್ನೂ ಸುಲಭ. ಶ್ರವಣಯಂತ್ರ ಹಾಕಿಸಿದ ಮೊದಲ ದಿನವೇ ಎಲ್ಲ ಸರಿಹೋಗಬೇಕೆಂದು ಬಯಸಬಾರದು. ವರ್ಷಗಳಿಂದ ಬಾರದ ಸಂಕೇತಗಳಿಗೆ ಮಿದುಳು ಒಗ್ಗಿಕೊಳ್ಳಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು.

ಕಣ್ಣಿನ ದೃಷ್ಟಿ ಬಹಳ ಕುಗ್ಗಿದ ಹಿರಿಯರಲ್ಲಿ ಕೆಲವರು ಇನ್ನೊಂದು ಸಂಗತಿಯನ್ನು ಯಾರಿಗೂ ಹೇಳದೆ ಮುಚ್ಚಿಟ್ಟಿರುತ್ತಾರೆ. ಗೋಡೆಯ ಮೇಲೆ ಇಲ್ಲದ ವಿನ್ಯಾಸಗಳು, ಅಂಗಳದಲ್ಲಿ ಇಲ್ಲದ ಜನ, ಪುಟ್ಟ ಪುಟ್ಟ ಆಕೃತಿಗಳು ಅವರಿಗೆ ಕಾಣುತ್ತವೆ, ಸದ್ದಿಲ್ಲದೆ ಬಂದು ಹೋಗುತ್ತವೆ, ಅವು ನಿಜವಲ್ಲವೆಂಬುದೂ ಅವರಿಗೆ ಗೊತ್ತಿರುತ್ತದೆ. ಸ್ವಿಟ್ಜರ್ಲೆಂಡಿನ ಚಾರ್ಲ್ಸ್ ಬೊನೆ ತಮ್ಮ ತಾತನಲ್ಲಿ ಕಂಡು 1760ರಲ್ಲಿ ದಾಖಲಿಸಿದ ಈ ಸ್ಥಿತಿಗೆ ಅವರದೇ ಹೆಸರಿದೆ. ಕಣ್ಣಿನಿಂದ ಬರಬೇಕಾದ ಸಂಕೇತಗಳು ನಿಂತರೂ ನೋಟದ ಮಿದುಳು ಊಹಿಸುವುದನ್ನು ನಿಲ್ಲಿಸುವುದಿಲ್ಲ, ತಿದ್ದುವವರಿಲ್ಲದ ಊಹೆಯೇ ಆಗ ದೃಶ್ಯವಾಗುತ್ತದೆ. ಇದು ಹುಚ್ಚೂ ಅಲ್ಲ, ಗಾಳಿ ಸೋಂಕೂ ಅಲ್ಲ. ಹಾಗೆ ಕಾಣುತ್ತಿದೆ ಎಂದು ಹಿರಿಯರು ಹೇಳಿಕೊಂಡರೆ ಅವರನ್ನು ಮೊದಲು ಕರೆದೊಯ್ಯಬೇಕಾದದ್ದು ಕಣ್ಣಿನ ವೈದ್ಯರ ಬಳಿಗೆ. ಪೊರೆ ಕಾರಣವಾಗಿದ್ದರೆ ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಮರಳಿದಂತೆ ದೃಶ್ಯಗಳೂ ಹಲವರಲ್ಲಿ ನಿಲ್ಲುತ್ತವೆ. ಜತೆಗೆ ಮರೆವು, ಗೊಂದಲ, ಇಲ್ಲದ ದನಿಗಳು ಕೇಳುವುದು ಇಂಥ ಲಕ್ಷಣಗಳಿದ್ದರೆ ಕಾರಣ ಬೇರೆಯದಿರಬಹುದು, ಆಗ ನರರೋಗ ಅಥವಾ ಮನೋರೋಗ ತಜ್ಞರಿಗೆ ತೋರಿಸಬೇಕು.